ಅಪೀಲಿನ ಮರ್ಮ

'ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಆದರೆ ಸೋತವನು ಅಷ್ಟು ಸುಲಭವಾಗಿ ಸಾಯಲು ಒಪ್ಪುವುದಿಲ್ಲ. ತೀರ್ಪನ್ನು ಓದಿ ಹೇಳಿದ ದಿನವೇ ಆತನು ತನ್ನ ವಕೀಲರನ್ನು ಜಗಲಿಯಲ್ಲಿ ತಡೆದು ನಿಲ್ಲಿಸಿ, 'ಸ್ವಾಮಿ, ಇದರ ಮೇಲೆ ಅಪೀಲು ಉಂಟೆ?' ಎಂದು ಕೇಳುತ್ತಾನೆ. ಈ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ. ಕಾನೂನಿನ ಪುಸ್ತಕವನ್ನು ತೆರೆದರೆ ಸಾಕು. ಆತನು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಇದೆ: 'ಈ ಅಪೀಲಿನಲ್ಲಿ ಹುರುಳು ಉಂಟೆ?' ಎಂಬುದು. ಅದಕ್ಕೆ ಸರಿಯಾದ ಉತ್ತರ ದೊರೆಯಿತೋ ಇಲ್ಲವೋ ಎಂಬುದರ ಮೇಲೆ ಒಂದು ಸಂಸಾರದ ಜಮೀನು ಉಳಿಯುವುದು, ಇಲ್ಲವೆ ಉಳಿದ ಜಮೀನೂ ಖರ್ಚಿಗಾಗಿ ಮಾರಿಹೋಗುವುದು. ಆದಕಾರಣ ಅಪೀಲು ಎಂದರೇನು, ಅದನ್ನು ಹೂಡುವ ಮತ್ತು ವಾದಿಸುವ ರೀತಿ ಯಾವುದು ಎಂಬುದನ್ನು ವಕೀಲರು ಮಾತ್ರವೇ ಅಲ್ಲದೆ ವಿದ್ಯಾವಂತರಾದ ಎಲ್ಲರೂ ತಿಳಿದಿರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಮೇಲಿನ ನ್ಯಾಯಸ್ಥಾನದ ಕಲ್ಪನೆ ಇಂಗ್ಲಿಷರಿಂದ ನಮಗೆ ಬಂದದ್ದೆಂದು ಹಲವರು ತಿಳಿದಿದ್ದಾರೆ. ಇದು ಪೂರ್ತಿ ನಿಜವಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕುಲ, ಶ್ರೇಣಿ, ಪೂಗ, ರಾಜನಿಂದ ನಿಯಮಿತರಾದ ಸಭೆಯವರು ಎಂದು ನಿರ್ಣಯ ಹೇಳುವವರಲ್ಲಿ ಮೆಟ್ಟಿಲುಗಳನ್ನು ಮಾಡಿದೆ. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಇದನ್ನು ವಿವರಿಸುತ್ತ, ಕೆಳಗಿನವರ ನಿರ್ಣಯದಿಂದ ತೃಪ್ತನಾಗದವನು ಮೇಲಿನವರ ಬಳಿಗೆ ಹೋಗಬಹುದೆಂದೂ, ಮೇಲಿನವರು ತೀರ್ಮಾನಿಸಿದುದನ್ನು ಕೆಳಗಿನವರು ಮತ್ತೆ ಕೆದಕಲಾಗದೆಂದೂ ಹೇಳಿದ್ದಾನೆ. ಅದೇ ಸ್ಮೃತಿಯಲ್ಲಿ ಇನ್ನೆರಡು ನಿಯಮಗಳಿವೆ. ತಪ್ಪಾಗಿ ತೀರ್ಮಾನವಾದ ವ್ಯವಹಾರವನ್ನು ರಾಜನು ಮತ್ತೆ ನೋಡಿ, ಹಾಗೆ ತೀರ್ಮಾನಿಸಿದ ಸಭ್ಯರನ್ನೂ ಗೆದ್ದವನನ್ನೂ ದಂಡಿಸಬೇಕು ಎಂಬುದು ಒಂದು. ನ್ಯಾಯವಾಗಿ ಸೋತಿದ್ದರೂ ಸೋತಿಲ್ಲವೆಂದು ಹಟಹಿಡಿದು ಮತ್ತೆ ಬಂದವನು ಪುನಃ ಸೋತರೆ ಇಮ್ಮಡಿ ದಂಡ ತೆರಬೇಕು ಎಂಬುದು ಇನ್ನೊಂದು. ತಪ್ಪನ್ನು ತಿದ್ದುವುದಕ್ಕೆ ದಾರಿ ಇರಬೇಕು. ಹಟಕ್ಕೆ ದಾರಿ ಇರಬಾರದು. ಎಂಟು ಒಂಬತ್ತು ಶತಮಾನಗಳು ಕಳೆದರೂ ಅಪೀಲಿನ ಕಾನೂನು ಈ ಎರಡು ಮಾತುಗಳ ನಡುವೆಯೇ ತೂಗುತ್ತಿದೆ.

ಈಗಿನ ಏರ್ಪಾಟು ಕ್ರಮಕ್ರಮವಾಗಿ ಬೆಳೆದದ್ದು. ಮೈಸೂರು ಸಂಸ್ಥಾನದಲ್ಲಿ ೧೮೮೪ರಲ್ಲಿ ಚೀಫ್ ಕೋರ್ಟು ಸ್ಥಾಪಿತವಾಯಿತು. ೧೯೩೦ರಲ್ಲಿ ಅದಕ್ಕೆ ಹೈಕೋರ್ಟು ಎಂಬ ಹೆಸರು ಬಂತು. ಆ ಕಾಲದಲ್ಲಿ ಧಾರವಾಡ, ಬೆಳಗಾವಿಗಳ ಕಕ್ಷಿಗಾರನು ಮುಂಬಯಿಗೂ, ಮಂಗಳೂರು, ಬಳ್ಳಾರಿಗಳವನು ಮದರಾಸಿಗೂ, ಕಲಬುರ್ಗಿಯವನು ಹೈದರಾಬಾದಿಗೂ ಅಪೀಲು ಹೊತ್ತುಕೊಂಡು ಹೋಗಬೇಕಾಗಿತ್ತು. ಬ್ರಿಟಿಷ್ ಇಂಡಿಯಾದ ಹೈಕೋರ್ಟುಗಳ ಮೇಲೆ ಲಂಡನ್ನಿನ ಪ್ರಿವಿ ಕೌನ್ಸಿಲ್ಲು ಇತ್ತು. ಅದರ ಅಧಿಕಾರವು ೧೯೪೯ರಲ್ಲಿ ಕೊನೆಗೊಂಡು, ೧೯೫೦ರಲ್ಲಿ ಸುಪ್ರೀಂ ಕೋರ್ಟು ಬಂತು. ೧೯೫೬ರಲ್ಲಿ ಕನ್ನಡ ನಾಡು ಒಂದುಗೂಡಿದ ಮೇಲೆ ಹೈಕೋರ್ಟೂ ಒಂದಾಯಿತು. ೨೦೦೮ರಲ್ಲಿ ಧಾರವಾಡ ಮತ್ತು ಕಲಬುರ್ಗಿಗಳಲ್ಲಿ ಅದರ ಸಂಚಾರಿ ಪೀಠಗಳು ಆರಂಭವಾಗಿ, ೨೦೧೩ರಲ್ಲಿ ಅವು ಖಾಯಂ ಆದುವು. ಬೀದರಿನ ರೈತನೊಬ್ಬನು ಅಪೀಲಿಗಾಗಿ ಬೆಂಗಳೂರಿನವರೆಗೆ ಬರಬೇಕಾದ ತೊಂದರೆ ಆಗ ತಪ್ಪಿತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಅಪೀಲು ಹುಟ್ಟುಹಕ್ಕಲ್ಲ, ಶಾಸನವು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಆದರೆ ಒಮ್ಮೆ ಕೊಟ್ಟ ಮೇಲೆ ಅದು ಬೆಲೆಯುಳ್ಳ ಹಕ್ಕು. ಗರಿಕಪಾಟಿ ವೀರಯ್ಯನವರ ಮೊಕದ್ದಮೆಯಲ್ಲಿ ೧೯೫೭ರಲ್ಲಿ ಸುಪ್ರೀಂ ಕೋರ್ಟು, ದಾವೆ, ಅಪೀಲು, ಎರಡನೆಯ ಅಪೀಲು ಇವೆಲ್ಲವೂ ಒಂದೇ ಸರಪಣಿಯ ಕೊಂಡಿಗಳೆಂದೂ, ದಾವೆ ಹೂಡಿದ ದಿನವೇ ಅಪೀಲಿನ ಹಕ್ಕು ಕಕ್ಷಿಗಾರನಿಗೆ ಸೇರಿಹೋಗುವುದೆಂದೂ ಹೇಳಿತು. ಆದುದರಿಂದ ವಕೀಲನು ಮೊದಲು ನೋಡಬೇಕಾದುದು ತನ್ನ ಮುಂದಿರುವ ತೀರ್ಪಿನ ಮೇಲೆ ಶಾಸನವು ಯಾವ ಬಾಗಿಲನ್ನು ತೆರೆದಿದೆ ಎಂಬುದನ್ನು. ಉಭಯಪಕ್ಷದವರ ಒಪ್ಪಿಗೆಯ ಮೇಲೆ ಆದ ಡಿಕ್ರಿಗೆ ಅಪೀಲಿಲ್ಲ. ಕೆಲವು ಆಜ್ಞೆಗಳ ಮೇಲೆ ಅಪೀಲುಂಟು, ಕೆಲವಕ್ಕೆ ರಿವಿಜನ್ ಮಾತ್ರ, ಮತ್ತೆ ಕೆಲವಕ್ಕೆ ಅದೇ ನ್ಯಾಯಾಧೀಶರ ಮುಂದೆ ಪುನರಾಲೋಚನೆಯ ಅರ್ಜಿ. ಬಾಗಿಲು ತಪ್ಪಿದರೆ ಮಾತು ಎಷ್ಟು ಚೆನ್ನಾಗಿದ್ದರೂ ಕೇಳುವವರಿಲ್ಲ.

ಎರಡನೆಯದು ವಾಯಿದೆ. ೧೯೬೩ರ ಕಾಲಮಿತಿ ಶಾಸನದಂತೆ ಸಿವಿಲ್ ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಸ್ಥಾನಕ್ಕೆ ಹೋಗಲು ೩೦ ದಿನ, ಹೈಕೋರ್ಟಿಗೆ ೯೦ ದಿನ. ನಕಲು ಪಡೆಯುವುದಕ್ಕೆ ಬೇಕಾದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ಆದರೆ ನಕಲಿಗೆ ಅರ್ಜಿಯನ್ನೇ ಕೊಡದೆ ಕುಳಿತ ದಿನಗಳನ್ನು ಬಿಡುವುದಿಲ್ಲ. ಆದಕಾರಣ ತೀರ್ಪಿನ ದಿನ ಮನೆಗೆ ಹೋಗುವ ಮೊದಲೇ ನಕಲಿನ ಅರ್ಜಿ ಕೊಡಿಸುವುದು ಜಾಣತನ. ತಡವಾದರೆ ಸಾಕಾದಷ್ಟು ಕಾರಣ ತೋರಿಸಿ ಮನ್ನಿಸುವಂತೆ ಬೇಡಬಹುದು. ನ್ಯಾಯವನ್ನು ತಾಂತ್ರಿಕ ಕಾರಣದಿಂದ ಕೊಲ್ಲಬಾರದೆಂಬ ಭಾವನೆಯನ್ನು ೧೯೮೭ರಲ್ಲಿ ಕಾತಿಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವ್ಯಕ್ತಪಡಿಸಿತು. ಆದರೆ ೨೦೧೨ರಲ್ಲಿ ಅಂಚೆ ಇಲಾಖೆಯ ಒಂದು ಮೊಕದ್ದಮೆಯಲ್ಲಿ, ಕಡತ ಮೇಜಿನಿಂದ ಮೇಜಿಗೆ ಹೋಗುವುದರಲ್ಲಿ ತಡವಾಯಿತೆಂಬ ಸಮಾಧಾನ ಸರಕಾರಕ್ಕೂ ಸಲ್ಲದೆಂದು ಎಚ್ಚರಿಸಿತು. ಎರಡನ್ನೂ ಓದಿದವನು ದಿನಗಳನ್ನು ಎಣಿಸುತ್ತಾನೆ. ಮೊದಲನೆಯದನ್ನು ಮಾತ್ರ ಓದಿದವನು ಎಣಿಸುವುದಿಲ್ಲ.

ಮೂರನೆಯದು, ಅಪೀಲು ಹೂಡಿದ ಮಾತ್ರಕ್ಕೆ ಕೆಳಗಿನ ಡಿಕ್ರಿಯ ಜಾರಿ ನಿಲ್ಲುವುದಿಲ್ಲ. ಇದು ಅನೇಕ ಕಕ್ಷಿಗಾರರಿಗೆ ತಿಳಿಯದು. ಅಪೀಲು ಹಾಕಿ ನಿಶ್ಚಿಂತೆಯಿಂದ ಊರಿಗೆ ಹೋದವನು, ಅಮೀನನು ಬಂದು ಮನೆಯ ಬಾಗಿಲಿಗೆ ನಿಂತಾಗ ಗಾಬರಿಗೊಳ್ಳುತ್ತಾನೆ. ತಡೆಯಾಜ್ಞೆಯನ್ನು ಬೇರೆಯಾಗಿ ಬೇಡಬೇಕು. ತಡೆಯದಿದ್ದರೆ ಭಾರಿ ನಷ್ಟವಾಗುವುದೆಂದೂ, ಬೇಡುವುದರಲ್ಲಿ ತಡಮಾಡಿಲ್ಲವೆಂದೂ ತೋರಿಸಿ, ಸೋತರೆ ಡಿಕ್ರಿಯಂತೆ ನಡೆಯುವುದಕ್ಕೆ ಜಾಮೀನನ್ನೂ ಕೊಡಬೇಕು.

ಇಷ್ಟು ಹೊರಗಿನ ಅಂಗಳ. ಒಳಗೆ ಹೋದಾಗ ಮೊದಲನೆಯ ಅಪೀಲಿಗೂ ಎರಡನೆಯ ಅಪೀಲಿಗೂ ಇರುವ ಅಂತರವನ್ನು ತಿಳಿಯಬೇಕು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಹಳ್ಳಿಯಲ್ಲಿ ಇಬ್ಬರು ರೈತರ ತೆಂಗಿನ ತೋಟಗಳು ಅಕ್ಕಪಕ್ಕದಲ್ಲಿವೆ. ನಡುವಿನ ಬೇಲಿಯನ್ನು ನೆರೆಯವನು ಸರಿಸಿ ನಾಲ್ಕು ಗುಂಟೆ ಒತ್ತುವರಿ ಮಾಡಿದನೆಂದು ವಾದಿಯು ದಾವೆ ಹೂಡುತ್ತಾನೆ. ನ್ಯಾಯಸ್ಥಾನವು ನೇಮಿಸಿದ ಕಮಿಷನರು ಮೋಜಣಿದಾರನೊಡನೆ ಸ್ಥಳಕ್ಕೆ ಹೋಗಿ ಅಳೆದು, ಬೇಲಿಯು ನಕ್ಷೆಯ ಗೆರೆಯನ್ನು ದಾಟಿದೆಯೆಂದು ವರದಿ ಕೊಟ್ಟಿರುತ್ತಾನೆ. ಊರಿನ ಇಬ್ಬರು ಹಿರಿಯರು ಬೇಲಿ ಹಿಂದಿನಿಂದಲೂ ಅಲ್ಲೇ ಇತ್ತೆಂದು ಪ್ರತಿವಾದಿಯ ಪರವಾಗಿ ಸಾಕ್ಷಿ ನುಡಿಯುತ್ತಾರೆ. ನ್ಯಾಯಾಧೀಶರು ಹಿರಿಯರ ಮಾತನ್ನು ನಂಬಿ ದಾವೆಯನ್ನು ವಜಾ ಮಾಡುತ್ತಾರೆ; ಕಮಿಷನರ ವರದಿಯ ಮಾತನ್ನೇ ತೀರ್ಪಿನಲ್ಲಿ ಎತ್ತುವುದಿಲ್ಲ. ವಾದಿಯ ವಕೀಲನು ಈಗ ಏನೆಂದು ಅಪೀಲು ಬರೆಯಬೇಕು?

'ಕೆಳಗಿನ ನ್ಯಾಯಾಧೀಶರು ನಮ್ಮ ಸಾಕ್ಷಿಗಳನ್ನು ನಂಬದೆ ತಪ್ಪು ಮಾಡಿದರು' ಎಂದು ಬರೆಯುವುದು ಸುಲಭ. ಅದು ದುರ್ಬಲ ಕೂಡ. ಸಾಕ್ಷಿಯು ಕಟಕಟೆಯಲ್ಲಿ ನಿಂತು ಮಾತನಾಡಿದುದನ್ನು, ಪಾಟೀಸವಾಲಿನಲ್ಲಿ ತಡವರಿಸಿದುದನ್ನು ಕಣ್ಣಾರೆ ಕಂಡವರು ಕೆಳಗಿನ ನ್ಯಾಯಾಧೀಶರು. ಮೇಲಿನವರ ಮುಂದೆ ಇರುವುದು ಕಾಗದ ಮಾತ್ರ. ಈ ಕಾರಣದಿಂದಲೇ ೧೯೫೦ರಲ್ಲಿ ಸರ್ಜೂ ಪರ್ಷಾದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಾಕ್ಷಿಗಳ ವಿಶ್ವಾಸಾರ್ಹತೆಯ ಮೇಲೆಯೇ ನಿಂತ ತೀರ್ಮಾನವನ್ನು ಅಪೀಲು ನ್ಯಾಯಸ್ಥಾನವು ಸುಲಭವಾಗಿ ಕದಲಿಸಬಾರದೆಂದಿತು. ಆದರೆ ಅದೇ ತೀರ್ಪಿನಲ್ಲಿಯೇ ಕೀಲಿಕೈಯೂ ಇದೆ: ಸಾಕ್ಷಿಯಲ್ಲಿರುವ ಯಾವುದಾದರೂ ವಿಶೇಷ ಸಂಗತಿ ಕೆಳಗಿನವರ ಗಮನಕ್ಕೆ ತಪ್ಪಿದ್ದರೆ, ಇಲ್ಲವೆ ಆ ಸಾಕ್ಷಿ ಮೇಲ್ನೋಟಕ್ಕೇ ಅಸಂಭವವಾಗಿದ್ದರೆ ಮೇಲಿನವರು ಕೈಹಾಕಬಹುದು. ನಮ್ಮ ಉದಾಹರಣೆಯ ವಕೀಲನು ಹಿರಿಯರು ಸುಳ್ಳರೆಂದು ಕೂಗಬೇಕಾಗಿಲ್ಲ. 'ಕಡತದಲ್ಲಿರುವ ಕಮಿಷನರ ವರದಿಯನ್ನೂ ನಕ್ಷೆಯನ್ನೂ ಪರಿಶೀಲಿಸದೆಯೇ ತೀರ್ಮಾನ ಮಾಡಲಾಗಿದೆ' ಎಂದು ಒಂದೇ ವಾಕ್ಯ ಬರೆದರೆ ಸಾಕು. ಮೊದಲನೆಯದು ಅಸಮಾಧಾನ, ಎರಡನೆಯದು ದೋಷ. ಅಪೀಲು ನ್ಯಾಯಸ್ಥಾನವು ಅಸಮಾಧಾನವನ್ನು ಪರಿಹರಿಸುವುದಿಲ್ಲ, ದೋಷವನ್ನು ತಿದ್ದುತ್ತದೆ. ಅಪೀಲಿನ ಮರ್ಮವೆಲ್ಲ ಇಷ್ಟರಲ್ಲಿಯೇ ಅಡಗಿದೆಯೆಂದರೆ ತಪ್ಪಾಗಲಾರದು.

ಮೊದಲನೆಯ ಅಪೀಲಿನಲ್ಲಿ ಸಂಗತಿ ಮತ್ತು ಕಾನೂನು ಎರಡೂ ತೆರೆದಿರುತ್ತವೆ. ಸಂತೋಷ್ ಹಜಾರಿ ಎಂಬವರ ಮೊಕದ್ದಮೆಯಲ್ಲಿ ೨೦೦೧ರಲ್ಲಿ ಸುಪ್ರೀಂ ಕೋರ್ಟು ಇದನ್ನು ವಿಶದಪಡಿಸಿ, ಕೆಳಗಿನ ತೀರ್ಪನ್ನು ಎತ್ತಿಹಿಡಿಯುವಾಗ ಅದರ ಕಾರಣಗಳಿಗೆ ಸಮ್ಮತಿಯಿದೆಯೆಂದು ಹೇಳಿದರೂ ನಡೆದೀತು, ಆದರೆ ತಿರುಗಿಸುವಾಗ ಆ ಕಾರಣಗಳನ್ನು ಎದುರಿಗಿಟ್ಟುಕೊಂಡು ಅವು ಏತಕ್ಕೆ ನಿಲ್ಲವೆಂಬುದನ್ನು ಹೇಳಲೇಬೇಕೆಂದು ವಿಧಿಸಿತು. ಇದರಿಂದ ವಕೀಲನಿಗೆ ಒಂದು ಪಾಠ ದೊರೆಯುತ್ತದೆ. ತನ್ನ ಪಕ್ಷದ ಕಥೆಯನ್ನು ಮೊದಲಿನಿಂದ ಹೇಳುವುದು ವಾದವಲ್ಲ. ಕೆಳಗಿನ ತೀರ್ಪಿನ ಕಾರಣಗಳನ್ನು ಒಂದೊಂದಾಗಿ ಎತ್ತಿಕೊಂಡು ಪ್ರತಿಯೊಂದಕ್ಕೂ ಉತ್ತರ ಹೇಳಿದರೆ, ತೀರ್ಪನ್ನು ತಿರುಗಿಸಿ ಬರೆಯಬೇಕಾದವರ ಕೆಲಸವನ್ನು ಹಗುರ ಮಾಡಿದಂತಾಗುತ್ತದೆ.

ಎರಡನೆಯ ಅಪೀಲಿನಲ್ಲಿ ಆಕಾಶ ಕಿರಿದಾಗುತ್ತದೆ. ಸಂಗತಿಯ ವಿಷಯದಲ್ಲಿ ಕೆಳಗಿನವರು ಎಷ್ಟು ದೊಡ್ಡ ತಪ್ಪು ಮಾಡಿದ್ದರೂ ಅದಷ್ಟರಿಂದಲೇ ಎರಡನೆಯ ಅಪೀಲು ಸಲ್ಲದೆಂದು ದುರ್ಗಾ ಚೌಧರಾಣಿಯ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ಲು ೧೮೯೦ರಲ್ಲಿಯೇ ಹೇಳಿತ್ತು. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೧೦೦ನೆಯ ಪ್ರಕರಣಕ್ಕೆ ೧೯೭೬ರಲ್ಲಿ ತಿದ್ದುಪಡಿಯಾದ ಮೇಲೆ, ಕಾನೂನಿನ ಪ್ರಶ್ನೆಯಿದ್ದರೂ ಸಾಲದು, ಅದು 'ಮಹತ್ವದ' ಪ್ರಶ್ನೆಯಾಗಿರಬೇಕು. ಹೈಕೋರ್ಟು ಅದನ್ನು ಮೊದಲೇ ಅಕ್ಷರದಲ್ಲಿ ರೂಪಿಸಬೇಕು. ಮಹತ್ವವೆಂದರೇನು? ಉಭಯರ ಹಕ್ಕುಗಳನ್ನು ನೇರವಾಗಿ ಮುಟ್ಟುವ, ಮತ್ತು ಹಿಂದಿನ ತೀರ್ಪುಗಳಿಂದ ಪೂರ್ತಿ ಇತ್ಯರ್ಥವಾಗದೆ ಚರ್ಚೆಗೆ ಎಡೆಯಿರುವ ಪ್ರಶ್ನೆಯೆಂದು ಚುನೀಲಾಲ್ ಮೆಹತಾರವರ ಮೊಕದ್ದಮೆಯಲ್ಲಿ ೧೯೬೨ರಲ್ಲಿ ಅದಕ್ಕೆ ಅಳತೆಗೋಲನ್ನು ಕೊಡಲಾಯಿತು. ನಮ್ಮ ತೋಟದ ಮೊಕದ್ದಮೆಯಲ್ಲಿ ಮೊದಲನೆಯ ಅಪೀಲು ನ್ಯಾಯಸ್ಥಾನವೂ ಹಿರಿಯರನ್ನೇ ನಂಬಿತೆಂದು ಇಟ್ಟುಕೊಳ್ಳಿ. ಬೇಲಿ ಎಲ್ಲಿತ್ತು ಎಂಬುದು ಇನ್ನು ಹೈಕೋರ್ಟಿನ ಪ್ರಶ್ನೆಯಲ್ಲ. ಆದರೆ ತೀರ್ಮಾನಕ್ಕೆ ಆಧಾರವಾಗಬೇಕಾದ ದಾಖಲೆಯನ್ನು ಎರಡು ನ್ಯಾಯಸ್ಥಾನಗಳೂ ನೋಡದೆ ಬಿಟ್ಟರೆ ಆ ತೀರ್ಮಾನ ಕಾನೂನಿನ ದೃಷ್ಟಿಯಲ್ಲಿ ನಿಲ್ಲುವುದೆ ಎಂಬುದು ಹೈಕೋರ್ಟು ಕೇಳಬಹುದಾದ ಪ್ರಶ್ನೆ. ಸಂಗತಿಯ ದೂರನ್ನು ಕಾನೂನಿನ ವೇಷ ತೊಡಿಸಿ ಕಳಿಸುವುದು ಬೇರೆ, ಸಂಗತಿಯೊಳಗೆ ನಿಜವಾಗಿಯೂ ಇರುವ ಕಾನೂನಿನ ಪ್ರಶ್ನೆಯನ್ನು ಕಂಡುಹಿಡಿಯುವುದು ಬೇರೆ. ವೇಷವು ನ್ಯಾಯಪೀಠದ ಮುಂದೆ ಐದು ನಿಮಿಷವೂ ನಿಲ್ಲುವುದಿಲ್ಲ.

ಅಪೀಲಿನ ಕಾರಣಗಳನ್ನು ಬರೆಯುವ ವಿಷಯದಲ್ಲಿ ಸಂಹಿತೆಯ ೪೧ನೆಯ ಆದೇಶವು ಸ್ಪಷ್ಟವಾಗಿದೆ: ಕಾರಣಗಳು ಸಂಕ್ಷಿಪ್ತವಾಗಿರಬೇಕು, ಬೇರೆ ಬೇರೆ ಶೀರ್ಷಿಕೆಗಳಲ್ಲಿರಬೇಕು, ಅವುಗಳಲ್ಲಿ ವಾದವೂ ಕಥೆಯೂ ಇರಬಾರದು, ಅಂಕೆ ಹಾಕಿರಬೇಕು. ಇಷ್ಟು ಹೇಳಿದ್ದರೂ ನಲವತ್ತು ಕಾರಣಗಳ ಅಪೀಲುಗಳು ದಿನವೂ ದಾಖಲಾಗುತ್ತವೆ. 'ತೀರ್ಪು ಕಾನೂನಿಗೂ ಸಂಗತಿಗೂ ವಿರುದ್ಧವಾಗಿದೆ' ಎಂಬುದು ಅವುಗಳಲ್ಲಿ ಮೊದಲನೆಯದು. ಅದು ಯಾವ ತೀರ್ಪಿಗೂ ಹೊಂದುತ್ತದೆ, ಆದಕಾರಣ ಯಾವ ತೀರ್ಪಿಗೂ ತಾಗುವುದಿಲ್ಲ. ಬರೆಯದೆ ಬಿಟ್ಟ ಕಾರಣವನ್ನು ವಾದದಲ್ಲಿ ಎತ್ತುವುದಕ್ಕೆ ನ್ಯಾಯಸ್ಥಾನದ ಅಪ್ಪಣೆ ಬೇಕು ಎಂಬ ಭಯವೇ ಈ ಉದ್ದಕ್ಕೆ ಕಾರಣ. ಭಯಕ್ಕೆ ಮದ್ದು ಉದ್ದವಲ್ಲ, ಆಲೋಚನೆ. ಒಳ್ಳೆಯ ಮೂರು ಕಾರಣಗಳ ಜತೆಯಲ್ಲಿ ಮೂವತ್ತೇಳು ಜೊಳ್ಳು ಕಾರಣಗಳನ್ನು ಸೇರಿಸಿದರೆ ಆ ಮೂರು ಕಾಳುಗಳನ್ನು ಆರಿಸುವ ಕೆಲಸ ನ್ಯಾಯಾಧೀಶರ ಪಾಲಿಗೆ ಬೀಳುತ್ತದೆ. ಅವರ ಮುಂದೆ ಅಂದು ಇನ್ನೂ ಅನೇಕ ಕಡತಗಳಿರುತ್ತವೆ. ಮೇಲಾಗಿ ಮೊಕದ್ದಮೆಯ ಸಾರಕ್ಕೆ ತಾಗದ ಸಣ್ಣಪುಟ್ಟ ಕ್ರಮದೋಷಗಳಿಗಾಗಿ ಡಿಕ್ರಿಯನ್ನು ತಿರುಗಿಸಬಾರದೆಂದು ೯೯ನೆಯ ಪ್ರಕರಣವೇ ಹೇಳುತ್ತದೆ.

ಅಪೀಲಿನ ಯುದ್ಧಭೂಮಿ ಕಡತ. ಅದರೊಳಗೆ ಇಲ್ಲದುದನ್ನು ಮೇಲೆ ಹೇಳಲಾಗದು. ಹೊಸ ಸಾಕ್ಷ್ಯವನ್ನು ತರಬೇಕಾದರೆ, ಕೆಳಗಿನವರು ಸೇರಿಸಿಕೊಳ್ಳಬೇಕಾದುದನ್ನು ನಿರಾಕರಿಸಿದ್ದರು, ಅಥವಾ ಎಷ್ಟು ಶ್ರದ್ಧೆ ವಹಿಸಿದರೂ ಆಗ ಸಿಕ್ಕಿರಲಿಲ್ಲ, ಅಥವಾ ತೀರ್ಪು ಹೇಳುವುದಕ್ಕೆ ಮೇಲಿನ ನ್ಯಾಯಸ್ಥಾನಕ್ಕೇ ಅದು ಬೇಕಾಗಿದೆ, ಈ ಮೂರರಲ್ಲಿ ಒಂದು ಇರಬೇಕು. ಕೆಳಗೆ ಮರೆತದ್ದನ್ನು ಮೇಲೆ ತುಂಬಿಸಿಕೊಳ್ಳುವುದಕ್ಕೆ ಈ ನಿಯಮ ಇಲ್ಲ. ಆದಕಾರಣ ಒಳ್ಳೆಯ ಅಪೀಲಿನ ಬುನಾದಿ ಕೆಳಗಿನ ನ್ಯಾಯಸ್ಥಾನದಲ್ಲಿಯೇ ಬೀಳುತ್ತದೆ. ಆಕ್ಷೇಪಣೆಯನ್ನು ಆಗಲೇ ಎತ್ತಿ, ಅದು ಬರಹದಲ್ಲಿ ದಾಖಲಾಗುವಂತೆ ನೋಡಿಕೊಂಡ ತಾಲ್ಲೂಕಿನ ವಕೀಲನು, ತನಗೆ ತಿಳಿಯದೆಯೇ ಹೈಕೋರ್ಟಿನ ವಕೀಲನ ಅರ್ಧ ಕೆಲಸವನ್ನು ಮಾಡಿರುತ್ತಾನೆ.

ಕಡತದ ವಿಷಯದಲ್ಲಿ ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾಕ್ಷಿಯು ಮಾತನಾಡುವುದು ಕನ್ನಡದಲ್ಲಿ. ಸಂವಿಧಾನದ ೩೪೮ನೆಯ ವಿಧಿಯ ಕಾರಣದಿಂದ ಹೈಕೋರ್ಟಿನ ವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಈ ಎರಡರ ನಡುವೆ ಒಂದು ಭಾಷಾಂತರ ಬರುತ್ತದೆ. ನಮ್ಮ ಹಳ್ಳಿಯ ಹಿರಿಯನು 'ಬೇಲಿ ಮೊದಲಿನಿಂದಲೂ ಅಲ್ಲೇ ಇದ್ದಿರಬೇಕು' ಎಂದು ಹೇಳಿದನೆಂದು ಭಾವಿಸಿ. ಕನ್ನಡ ಬಲ್ಲವರಿಗೆ ಇದು ಊಹೆಯ ಮಾತೆಂಬುದು ಕೂಡಲೆ ತಿಳಿಯುತ್ತದೆ. ಕಂಡವನು 'ಇತ್ತು' ಎನ್ನುತ್ತಾನೆ, ಕಾಣದವನು 'ಇದ್ದಿರಬೇಕು' ಎನ್ನುತ್ತಾನೆ. ಆದರೆ ಅದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದರೆ, ಬೇರೆ ವಿಧವಾಗಿರಲು ಸಾಧ್ಯವೇ ಇಲ್ಲವೆಂಬ ಖಂಡಿತವಾದ ಮಾತಿನಂತೆ ಕೇಳಿಸೀತು. ಊಹೆಯು ಪ್ರಮಾಣವಾಗಿಹೋಯಿತು! ನಾಲ್ಕು ಗುಂಟೆ ತೋಟ ಒಂದು ಕ್ರಿಯಾಪದದ ಮೇಲೆ ನಿಂತಿರಬಹುದು. ಕ್ರಿಮಿನಲ್ ಮೊಕದ್ದಮೆಯಲ್ಲಿ 'ಆತನೇ ಇರಬೇಕು' ಎಂಬ ಮಾತಿನ ಮೇಲೆ ಮನುಷ್ಯನ ಆಯುಸ್ಸೇ ನಿಂತಿರಬಹುದು. ಆದುದರಿಂದ ಅಪೀಲಿನ ವಕೀಲನು ಭಾಷಾಂತರವನ್ನು ಮಾತ್ರ ಓದಿ ತೃಪ್ತನಾಗದೆ ಕನ್ನಡದ ಮೂಲ ಹೇಳಿಕೆಯನ್ನು ಅಕ್ಷರಶಃ ಓದಬೇಕು. ಕನ್ನಡವನ್ನು ಚೆನ್ನಾಗಿ ಬಲ್ಲ ವಕೀಲನಿಗೆ ಇಲ್ಲಿ ದೊರೆಯುವ ಅನುಕೂಲವು ಎಷ್ಟೋ ನಜೀರುಗಳ ಪುಸ್ತಕಗಳಿಂದ ದೊರೆಯದು.

ಇನ್ನು ಬಾಯಿಮಾತಿನ ವಾದ. ವಾಗ್ಝರಿಯಿಂದ ಅಪೀಲು ಗೆಲ್ಲುತ್ತದೆಂಬುದು ಹಳೆಯ ಭ್ರಮೆ. ನ್ಯಾಯಪೀಠಕ್ಕೆ ಬೇಕಾದುದು ಮೂರು ಸಂಗತಿಗಳು: ಕೆಳಗೆ ಏನು ತೀರ್ಮಾನವಾಯಿತು, ಅದರಲ್ಲಿ ತಪ್ಪು ಎಲ್ಲಿದೆ, ನೀವು ಕೇಳುವ ಪರಿಹಾರ ಯಾವುದು. ಈ ಮೂರನ್ನು ಮೊದಲ ಐದು ನಿಮಿಷಗಳಲ್ಲಿ ಹೇಳಿದ ವಕೀಲನಿಗೆ ಮುಂದಿನ ಕಾಲ ತಾನಾಗಿ ದೊರೆಯುತ್ತದೆ. ಮೂರನೆಯದನ್ನು ಹಲವರು ಮರೆಯುತ್ತಾರೆ. ಡಿಕ್ರಿಯನ್ನು ರದ್ದುಮಾಡಿ ದಾವೆಯನ್ನು ಒಪ್ಪಬೇಕೆ, ಹೊಸದಾಗಿ ತೀರ್ಮಾನಿಸಲು ಕೆಳಕ್ಕೆ ಕಳುಹಿಸಬೇಕೆ, ಅಥವಾ ಒಂದು ಅಂಶದ ಮೇಲೆ ಮಾತ್ರ ವರದಿ ತರಿಸಬೇಕೆ ಎಂಬುದನ್ನು ನಿಶ್ಚಯಿಸಿಕೊಳ್ಳದೆ ವಾದಿಸಿದವನು, ಗೆದ್ದರೂ ಹತ್ತು ವರುಷ ಹಿಂದಕ್ಕೆ ಹೋಗಿ ನಿಲ್ಲಬಹುದು.

ನ್ಯಾಯಾಧೀಶರು ಪ್ರಶ್ನೆ ಕೇಳಿದಾಗ 'ಆ ವಿಷಯಕ್ಕೆ ಆಮೇಲೆ ಬರುತ್ತೇನೆ' ಎನ್ನುವುದು ಅನೇಕರ ಅಭ್ಯಾಸ. ಪ್ರಶ್ನೆಯು ವಾದಕ್ಕೆ ಅಡ್ಡಿಯಲ್ಲ. ತೀರ್ಪು ಬರೆಯಬೇಕಾದವರ ಮನಸ್ಸಿನಲ್ಲಿ ಎಲ್ಲಿ ತೊಡಕಿದೆಯೆಂಬುದನ್ನು ತೋರಿಸುವ ದೀಪ. ಅಲ್ಲಿಯೇ ನಿಂತು, ಹೌದು ಅಥವಾ ಇಲ್ಲ ಎಂದು ಮೊದಲು ಹೇಳಿ, ಬಳಿಕ ಕಾರಣವನ್ನು ಹೇಳುವುದು ಮೇಲು. ತನಗೆ ವಿರುದ್ಧವಾದ ನಜೀರು ಇದ್ದರೆ ಅದನ್ನು ತಾನೇ ತೆಗೆದು ತೋರಿಸಿ, ಈ ಮೊಕದ್ದಮೆಗೆ ಅದು ಏತಕ್ಕೆ ಅನ್ವಯಿಸದೆಂದು ಹೇಳಬೇಕು. ಎದುರಾಳಿಯು ತೆಗೆದು ತೋರಿಸಿದರೆ ನಜೀರಿನೊಡನೆ ನಂಬಿಕೆಯೂ ಹೋಗುತ್ತದೆ. ಬಿಟ್ಟುಕೊಡಬೇಕಾದ ಅಂಶವನ್ನು ಬಿಟ್ಟುಕೊಡುವುದರಿಂದ ಉಳಿದ ಅಂಶಗಳಿಗೆ ಬಲ ಬರುತ್ತದೆ. ಯಾವುದನ್ನು ಬಿಟ್ಟುಕೊಟ್ಟರೆ ಮೊಕದ್ದಮೆಯೇ ಬಿದ್ದುಹೋಗುವುದೋ ಅದನ್ನು ಮಾತ್ರ ಬಿಗಿಹಿಡಿಯಬೇಕು. ಇದನ್ನು ಮೊದಲೇ ವಿಂಗಡಿಸಿಕೊಳ್ಳದೆ ಪೀಠದ ಮುಂದೆ ನಿಂತವನು ಎಲ್ಲವನ್ನೂ ಹಿಡಿಯಲು ಹೋಗಿ ಎಲ್ಲವನ್ನೂ ಚೆಲ್ಲುತ್ತಾನೆ.

ಗೆದ್ದವನ ವಕೀಲನಿಗೂ ಒಂದು ಮಾತು ಸಲ್ಲುತ್ತದೆ. ಗೆದ್ದೆನೆಂದು ಸುಮ್ಮನಿರುವುದು ಅಪಾಯ. ಡಿಕ್ರಿಯು ತನ್ನ ಪರವಾಗಿದ್ದರೂ ಒಂದೆರಡು ಅಂಶಗಳಲ್ಲಿ ತೀರ್ಮಾನ ತನಗೆ ವಿರುದ್ಧವಾಗಿರಬಹುದು. ಆ ಅಂಶಗಳೂ ತನ್ನ ಪರವಾಗಿಯೇ ಆಗಬೇಕಾಗಿತ್ತೆಂದು ಹೇಳಿ ಡಿಕ್ರಿಯನ್ನು ಸಮರ್ಥಿಸಬಹುದು. ಡಿಕ್ರಿಯ ಒಂದು ಭಾಗವೇ ವಿರುದ್ಧವಾಗಿದ್ದರೆ ನೋಟೀಸು ತಲುಪಿದ ಒಂದು ತಿಂಗಳೊಳಗೆ ಪ್ರತ್ಯಾಕ್ಷೇಪಣೆ ಸಲ್ಲಿಸಬಹುದು. ಒಂದೇ ಕಂಬದ ಮೇಲೆ ನಿಂತ ಮನೆಯನ್ನು ಎರಡು ಕಂಬಗಳ ಮೇಲೆ ನಿಲ್ಲಿಸುವ ಅವಕಾಶವಿದು.

ಕ್ರಿಮಿನಲ್ ಅಪೀಲಿನ ನ್ಯಾಯವು ಇದಕ್ಕಿಂತ ಗಂಭೀರವಾದುದು, ಏಕೆಂದರೆ ಅಲ್ಲಿ ತಕ್ಕಡಿಯಲ್ಲಿರುವುದು ಮನುಷ್ಯನ ಸ್ವಾತಂತ್ರ್ಯ. ಸಿವಿಲ್ ಅಪೀಲಿನಲ್ಲಿ ಅಪೀಲುದಾರನು ಹಾಜರಾಗದಿದ್ದರೆ ಗೈರುಹಾಜರಿಗಾಗಿ ವಜಾ ಮಾಡಬಹುದು. ಶಿಕ್ಷೆಗೊಳಗಾದವನ ಅಪೀಲನ್ನು ಹಾಗೆ ಮಾಡಲಾಗದು. ವಕೀಲನು ಬಾರದಿದ್ದರೂ ಕಡತವನ್ನು ಓದಿ ಗುಣಾವಗುಣಗಳ ಮೇಲೆಯೇ ತೀರ್ಮಾನಿಸಬೇಕೆಂದು ಬಾನಿ ಸಿಂಗನ ಮೊಕದ್ದಮೆಯಲ್ಲಿ ೧೯೯೬ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಪೀಲುದಾರನು ಸೆರೆಯಲ್ಲಿದ್ದರೆ ಸರಕಾರದ ಖರ್ಚಿನಿಂದ ವಕೀಲನನ್ನು ಗೊತ್ತುಮಾಡಿಕೊಡುವುದೂ ಯುಕ್ತವೆಂದಿತು. ಬಿಡುಗಡೆಯಾದವನ ಮೇಲೆ ಸರಕಾರವು ಅಪೀಲು ಹೂಡಿದಾಗ ನಿಯಮ ಬೇರೆ. ೧೯೩೪ರಲ್ಲಿ ಶಿವಸ್ವರೂಪನ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ಲು, ಮೇಲಿನ ನ್ಯಾಯಸ್ಥಾನಕ್ಕೆ ಸಾಕ್ಷ್ಯವನ್ನೆಲ್ಲ ಮತ್ತೆ ತೂಗುವ ಪೂರ್ಣಾಧಿಕಾರವಿದೆಯೆಂದು ಹೇಳುತ್ತಲೇ, ಸಾಕ್ಷಿಗಳನ್ನು ಕಂಡ ನ್ಯಾಯಾಧೀಶರ ಅಭಿಪ್ರಾಯಕ್ಕೂ, ಆರೋಪಿಯ ನಿರ್ದೋಷಿತ್ವದ ಭಾವನೆಗೂ, ಸಂದೇಹದ ಲಾಭಕ್ಕೂ ತಕ್ಕ ತೂಕ ಕೊಡಬೇಕೆಂದು ವಿಧಿಸಿತು. ನಮ್ಮ ನಾಡಿನಿಂದಲೇ ಹೋದ ಚಂದ್ರಪ್ಪ ಎಂಬವರ ಮೊಕದ್ದಮೆಯಲ್ಲಿ ೨೦೦೭ರಲ್ಲಿ ಸುಪ್ರೀಂ ಕೋರ್ಟು ಈ ತತ್ತ್ವಗಳನ್ನು ಒಟ್ಟುಗೂಡಿಸಿತು: ಕಾನೂನು ಎಲ್ಲರಿಗೂ ಕೊಡುವ ನಿರ್ದೋಷಿತ್ವದ ಭಾವನೆಯು ಬಿಡುಗಡೆಯ ತೀರ್ಪಿನಿಂದ ಇಮ್ಮಡಿಯಾಗುತ್ತದೆ, ಸಾಕ್ಷ್ಯದಿಂದ ಎರಡು ಯುಕ್ತವಾದ ಅಭಿಪ್ರಾಯಗಳು ಹೊರಡುವಂತಿದ್ದರೆ ಬಿಡುಗಡೆಯನ್ನು ಕದಲಿಸಬಾರದು. ೨೦೨೪ರ ಜುಲೈ ಒಂದರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಾರಿಗೆ ಬಂದಿದೆ. ಪ್ರಕರಣಗಳ ಅಂಕೆಗಳು ಬದಲಾದುವು. ತೂಗುವ ಈ ರೀತಿಯು ಬದಲಾಗಿಲ್ಲ.

ಕೊನೆಯದಾಗಿ, ಅಪೀಲಿನ ವಕೀಲನ ಅತ್ಯಂತ ಕಷ್ಟವಾದ ಕೆಲಸವನ್ನು ಹೇಳಬೇಕು. ಅದು ನ್ಯಾಯಪೀಠದ ಮುಂದೆ ನಡೆಯುವುದಲ್ಲ. ತನ್ನ ಕಚೇರಿಯಲ್ಲಿ, ಎದುರಿಗೆ ಕುಳಿತ ಸೋತ ಮನುಷ್ಯನ ಮುಂದೆ ನಡೆಯುವುದು. ತೀರ್ಪನ್ನು ಎರಡು ಬಾರಿ ಓದಿ, ಕಡತವನ್ನು ತಿರುವಿ, ದೋಷ ಕಾಣದಿದ್ದರೆ 'ಇದರ ಮೇಲೆ ಅಪೀಲುಂಟು, ಆದರೆ ಹಾಕಬೇಡಿ' ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳಿದ ವಕೀಲನು ಅಂದಿನ ಶುಲ್ಕವನ್ನು ಕಳೆದುಕೊಳ್ಳುತ್ತಾನೆ. ಕಕ್ಷಿಗಾರನು ಕೋಪಗೊಂಡು ಇನ್ನೊಬ್ಬರ ಬಳಿಗೆ ಹೋದರೂ ಹೋದಾನು. ಆದರೆ ಹುರುಳಿಲ್ಲದ ಅಪೀಲು ಆ ಮನುಷ್ಯನೊಬ್ಬನಿಗೆ ಮಾತ್ರ ಹಾನಿಯಲ್ಲ. ಅದು ಸರತಿಯಲ್ಲಿ ಹಿಂದೆ ನಿಂತಿರುವ ಹುರುಳುಳ್ಳ ಅಪೀಲನ್ನು ತಡೆಯುತ್ತದೆ. ಕಮಿಷನರ ವರದಿಯನ್ನು ಯಾರೂ ಓದದೆ ಹೋದ ತೋಟದವನೂ ಆ ಸರತಿಯಲ್ಲಿಯೇ ಇದ್ದಾನೆ. ಸಾಕ್ಷಿಯ ಊಹೆಯ ಮೇಲೆ ಸೆರೆಮನೆ ಸೇರಿದವನೂ ಅಲ್ಲಿಯೇ ಇದ್ದಾನೆ.

ಹಟಹಿಡಿದು ಬಂದು ಮತ್ತೆ ಸೋತವನಿಗೆ ಸ್ಮೃತಿಕಾರನು ಇಮ್ಮಡಿ ದಂಡ ವಿಧಿಸಿದನು. ಈಗ ಅಂಥ ಇಮ್ಮಡಿ ದಂಡವನ್ನು ಯಾರೂ ವಿಧಿಸುವುದಿಲ್ಲ. ನ್ಯಾಯಸ್ಥಾನದ ಖರ್ಚು, ಬಸ್ಸಿನ ದಾರಿ, ಕೆಲಸಬಿಟ್ಟ ದಿನಗಳು, ಸವೆದುಹೋದ ವರುಷಗಳು ಇವೇ ಅದನ್ನು ವಸೂಲು ಮಾಡಿಕೊಳ್ಳುತ್ತವೆ. ಆ ದಂಡದಿಂದ ಕಕ್ಷಿಗಾರನನ್ನು ಉಳಿಸುವುದೂ, ನಿಜವಾದ ದೋಷವನ್ನು ಕಂಡಾಗ ಅದನ್ನು ಮೂರು ವಾಕ್ಯಗಳಲ್ಲಿ ಪೀಠದ ಮುಂದೆ ಇಡುವುದೂ ಒಂದೇ ವಿದ್ಯೆಯ ಎರಡು ಮುಖಗಳು. ಮೊದಲನೆಯದನ್ನು ಬಲ್ಲವನ ಮಾತಿಗೆ ಎರಡನೆಯದನ್ನು ಹೇಳುವಾಗ ನ್ಯಾಯಾಧೀಶರು ತಲೆಯೆತ್ತಿ ಕಿವಿಗೊಡುತ್ತಾರೆ.